ಎರಡೂವರೆ ಮನೆ ದುರ್ಯೋಧನ

"ಅಲ್ಲ ಮೇಷ್ಟ್ರೇ, ನಿಮ್ಮ ಕಂಪ್ಯೂಟರಿಂದ ಕ್ಯಾಸೆಟ್ಟಿಗೆ ಹಾಡು ತುಂಬೋಕಾಗ್ತೈತಾ?"

ಮಧುಗಿರಿಯಲ್ಲಿ ಬೇಲಿಯಾಚೆಯಿಂದ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಇವತ್ತು ನಲ್ಲಿ ನೀರು ಬಿಡ್ತಾರಾ, ಹುಣಸೆಹಣ್ಣಿನ ರೇಟು ಏನಾಯ್ತು, ಈ ಮಟ್ಟದವು. ಹಾಗಾಗಿ ದಾಳಿಂಬೆ ಗಿಡಕ್ಕೆ ನೀರು ಬಿಡುತ್ತಿದ್ದವನು ಪೈಪು ಹಿಡಿದು ಹಾಗೇ ನಿಂತೆ. ಜನ ಕೇಳೋದು ಇದರ ಉಲ್ಟಾ. ಅಪ್ಪನ ಕಾಲದ ಕ್ಯಾಸೆಟ್ಟು ಅಟ್ಟದಿಂದ ಇಳಿಸಿ ತಂದು "ಇದನ್ನ ಪೆನ್‌ಡ್ರೈವಿಗೆ ಹಾಕ್ಕೊಡಿ ಸಾರ್" ಅನ್ನೋರು ಇದ್ದಾರೆ. ಫೋನಿನಲ್ಲಿ ಸಲೀಸಾಗಿ ಸಿಗುವ ಹಾಡನ್ನ ವಾಪಸ್ ರೀಲಿಗೆ ಇಳಿಸಿಕೊಡಿ ಅಂದವರು ಇವರೊಬ್ಬರೇ. "ಆಗುತ್ತೆ ಅಣ್ಣ, ಆದ್ರೆ ಯಾಕೆ?" ಅಂದೆ. ಆ "ಯಾಕೆ"ಗೆ ಉತ್ತರ ಮುಗಿಯುವ ಹೊತ್ತಿಗೆ ಎರಡು ಸಲ ಕಾಫಿ ಬೇಲಿ ದಾಟಿತ್ತು.

ಅಣ್ಣ ಇಡೀ ಬೀದಿಗೇ ಅಣ್ಣ. ವಯಸ್ಸು ಎಪ್ಪತ್ತರ ಆಜುಬಾಜು. ಒಂದು ಕಾಲಕ್ಕೆ ಮಧುಗಿರಿ, ಕೊರಟಗೆರೆ ಸುತ್ತಲ ಹಳ್ಳಿಗಳಲ್ಲಿ ದುರ್ಯೋಧನನ ಪಾರ್ಟಿಗೆ ಇವರನ್ನೇ ಕರೀತಿದ್ದರು. ಈಗ ಕೊರಟಗೆರೆ ಕಡೆಯ ಅವರ ಹುಟ್ಟೂರಲ್ಲಿ ಊರ ಹಬ್ಬಕ್ಕೆ ಮತ್ತೆ 'ಕುರುಕ್ಷೇತ್ರ' ಆಡ್ತಾರಂತೆ. ಹಳೇ ತಂಡದಲ್ಲಿ ಉಳಿದವರೆಲ್ಲ ಬಣ್ಣ ಹಚ್ಚಲೇಬೇಕು ಅಂತ ಊರ ಹುಡುಗರು ಪಟ್ಟು ಹಿಡಿದಿದ್ದಾರೆ. ಅಣ್ಣ "ಬ್ಯಾಡ ಕಣ್ರಪ್ಪ, ವಯಸ್ಸಾಯ್ತು" ಅಂದರಂತೆ. ಎಷ್ಟು ಸಲ ಅಂದರು ಅಂತ ಅತ್ತಿಗೆಯವರನ್ನ ಕೇಳಿದರೆ, "ಒಂದು ಸಲವೂ ಪೂರ್ತಿ ಅನ್ನಲಿಲ್ಲ" ಅಂತ ನಕ್ಕರು.

ಈ ಸೀಮೆಯವರಲ್ಲದವರಿಗೆ ನಮ್ಮ 'ಕುರುಕ್ಷೇತ್ರ'ದ ಬಗ್ಗೆ ಒಂದು ಮಾತು. ಬೇರೆ ಕಡೆ ನಟರಿಗೆ ಸಂಬಳ ಕೊಡ್ತಾರೆ. ತುಮಕೂರು ಸೀಮೆಯ ಹಳ್ಳಿ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುವವರೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಜಾಸ್ತಿ, ಸಣ್ಣಪುಟ್ಟವರಿಗೆ ಕಡಿಮೆ. ಸೀನರಿ ಬಾಡಿಗೆ, ಮೈಕ್‌ಸೆಟ್ಟು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಇದರಿಂದಲೇ. ತಿಂಗಳುಗಟ್ಟಲೆ ಅಭ್ಯಾಸ, ಆಮೇಲೆ ಒಂದೇ ಒಂದು ರಾತ್ರಿಯ ವೈಭವ. ಪಕ್ಕದ ಗುಬ್ಬಿಯ ವೀರಣ್ಣನವರ ಕಂಪನಿ ಈ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿತ್ತು. ನಮ್ಮ ಹಳ್ಳಿಗಳಲ್ಲಿ ಆನೆ ಇಲ್ಲ, ಆದರೆ ಬೆಳಗಿನ ಜಾವ ಗದಾಯುದ್ಧದ ಹೊತ್ತಿಗೆ ಎದ್ದು ಕೂರುವ ಮುದುಕಿಯರಿದ್ದಾರೆ. ಅವರು ಪದ್ಯ ತಪ್ಪಿದರೆ ಕೂತಲ್ಲಿಂದಲೇ ತಿದ್ದುತ್ತಾರೆ.

ಪಾರ್ಟಿಗೆ ದುಡ್ಡು ಕಟ್ಟಿದ ಅಣ್ಣ ಮನೆಯಲ್ಲಿ ಅಭ್ಯಾಸ ಶುರು ಮಾಡಿದರು. ಹಳೇ ಟೂ ಇನ್ ಒನ್ ಇತ್ತು, ಅಂಗಡಿಯಿಂದ ಎಂದೋ ಕೊಂಡ ನಾಟಕದ ಪದ್ಯಗಳ ಕ್ಯಾಸೆಟ್ಟೂ ಇತ್ತು. ಜೊತೆಗೆ ಹಾಡಿಕೊಂಡರೆ ಗಂಟಲು ಮೊದಲಿನಷ್ಟೇ ಸಲೀಸು. ಬೀದಿಯೇ ಬೆರಗಾಯಿತು. ಆದರೆ ಮೊದಲ ದಿನದ ಪ್ರಾಕ್ಟೀಸಿಗೆ ಹೋಗಿ, ಹಾರ್ಮೋನಿಯಂ ಮೇಷ್ಟ್ರು ಶ್ರುತಿಗೆ ನಾಲ್ಕು ಮನೆ ಹಿಡಿದ ಕೂಡಲೇ ದುರ್ಯೋಧನನ ಗಂಟಲು ಪದ್ಯದ ಮಧ್ಯೆ ಕೈಕೊಟ್ಟಿತು. ಅಣ್ಣ ಸೋಲೊಪ್ಪುವ ಜಾತಿಯಲ್ಲ. "ನಿಮ್ಮ ಪೆಟ್ಟಿಗೆ ರೀಡು ಕೆಟ್ಟೈತೆ, ಮನೇಲಿ ನಾಲ್ಕರಲ್ಲೇ ಹಾಡ್ತಿದ್ದೆ" ಅಂದರು. ಮೇಷ್ಟ್ರು "ನನ್ನ ಪೆಟ್ಟಿಗೆ ನೆಟ್ಟಗೈತೆ, ನಿಮ್ಮ ಟೇಪು ಕೆಟ್ಟೈತೆ" ಅಂದರು. ಈ ವ್ಯಾಜ್ಯ ಬೇಲಿ ಹಾರಿ ನನ್ನ ಹತ್ತಿರ ಬಂದಿದ್ದು ಹೀಗೆ.

ಪರೀಕ್ಷೆ ಕಷ್ಟದ್ದೇನಲ್ಲ. ಫೋನಿನಲ್ಲಿ ಶ್ರುತಿ ತೋರಿಸುವ ಆಪ್ ಇದೆ. ಕ್ಯಾಸೆಟ್ಟು ಹಾಕಿ ಹಿಡಿದರೆ ನಾಲ್ಕು ಮನೆಯ ಪದ್ಯ ಮೂರಕ್ಕೆ ಇಳಿದಿತ್ತು. ಹಾರ್ಮೋನಿಯಂ ಬಲ್ಲವರಿಗೆ ಗೊತ್ತು, ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಕರಿಮನೆ ಇಲ್ಲ, ಒಂದೇ ಸ್ಥಾನದ ವ್ಯತ್ಯಾಸ. ಲೆಕ್ಕದಲ್ಲಿ ಹೇಳೋದಾದರೆ ರೀಲು ಓಡಬೇಕಾದ ವೇಗಕ್ಕಿಂತ ನೂರಕ್ಕೆ ಸುಮಾರು 6 ಪಾಲು ನಿಧಾನ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನೋದು ಕಟ್ಟಳೆ. ಅಣ್ಣನ ಮೆಷಿನ್ನಿನೊಳಗಿನ ರಬ್ಬರ್ ಬೆಲ್ಟು ಅವರ ಜೊತೆಗೇ ವಯಸ್ಸಾಗಿ ಸಡಿಲಗೊಂಡಿತ್ತು. ಇಷ್ಟು ದಿನ ಮನೆಯಲ್ಲಿ ದುರ್ಯೋಧನನ ಮಾನ ಕಾಪಾಡಿದ್ದು ಆ ಬೆಲ್ಟು!

ವಿಷಯ ತಿಳಿದು ಅಣ್ಣ ಒಂದು ಗಳಿಗೆ ಮಂಕಾದರು. ಆದರೆ ಹಾರ್ಮೋನಿಯಂ ಮೇಷ್ಟ್ರು ಒಳ್ಳೆಯವರು. "ನಿಮಗೋಸ್ಕರ ಎರಡೂವರೆ ಹಿಡೀತೀನಿ ಬಿಡಿ. ಆದ್ರೆ ಆ ಶ್ರುತಿಗೇ ಕಲ್ತು ಬರ್ಬೇಕು, ಅಲ್ಲಿ ಬಂದು ಹುಡುಕಾಡ್ಕೂಡ್ದು" ಅಂದರಂತೆ. ಎರಡೂವರೆ ಮನೆಯಲ್ಲಿ ದುರ್ಯೋಧನನ ಪದ್ಯ ಹಾಡಿದ ಕ್ಯಾಸೆಟ್ಟು ಈ ಭೂಮಿ ಮೇಲೆ ಎಲ್ಲಿ ಸಿಗಬೇಕು? ಅಣ್ಣನ ಪ್ರಶ್ನೆಯ ಹಿಂದೆ ಇದ್ದದ್ದು ಈ ಕಥೆ.

"ಅಷ್ಟೇ ತಾನೆ, ಫೋನಿಗೇ ಹಾಕ್ಕೊಡ್ತೀನಿ" ಅಂದೆ. ಅಣ್ಣ ಕೈ ಮುಂದೆ ಚಾಚಿ ತೋರಿಸಿದರು. ಹಸುವಿಗೆ ಹುಲ್ಲು ಹಾಕಿ ಬಂದ ಕೈ, ಬೆರಳ ತುದಿಯೆಲ್ಲ ಕಾಯಿ ಕಟ್ಟಿದೆ. ಆ ಬೆರಳಿಗೆ ಫೋನಿನ ಗಾಜು ಓಗೊಡೋದಿಲ್ಲ. ಓಗೊಟ್ಟರೂ, ಒಂದು ಸಾಲು ಹಿಂದಕ್ಕೆ ಅಂತ ಎಳೆದರೆ ಮೂರು ಪದ್ಯ ಹಿಂದಕ್ಕೆ ಹಾರುತ್ತೆ. ದುರ್ಯೋಧನ ಭೀಮನನ್ನ ಬೈಯಲು ಉಸಿರು ತೆಗೆದುಕೊಂಡ ಅನ್ನೋ ಹೊತ್ತಿಗೆ ಸೀರೆ ಅಂಗಡಿ ಜಾಹೀರಾತು ನುಗ್ಗುತ್ತೆ. ಟೇಪಿನಲ್ಲಾದರೆ ಗುಂಡಿ ಎಲ್ಲಿದೆ ಅಂತ ಕೈಗೇ ಗೊತ್ತು, ಕಣ್ಣು ಬೇಡ. ರಿವೈಂಡ್ ಒತ್ತಿ ಬಿಟ್ಟರೆ ಅದೇ ಸಾಲಿನ ತಲೆಗೆ ಬಂದು ನಿಲ್ಲುತ್ತೆ. ರಾತ್ರಿ ನಿಲ್ಲಿಸಿದ್ದನ್ನ ಬೆಳಗ್ಗೆ ಒತ್ತಿದರೆ ನಿಂತ ಅಕ್ಷರದಿಂದಲೇ ಮುಂದುವರಿಯುತ್ತೆ. ಫೋನಿಗೆ ಇಷ್ಟು ನೆನಪಿನ ಶಕ್ತಿ ಇದ್ದೂ ಈ ಒಂದು ನೆನಪು ಯಾಕಿಲ್ಲವೋ ಕಾಣೆ.

ಬೆಂಗಳೂರಲ್ಲಿ ಈಗ ಕ್ಯಾಸೆಟ್ಟು ಮತ್ತೆ ಫ್ಯಾಷನ್ನು ಅಂತ ಕೇಳಿದ್ದೇನೆ. ಆ ದನಿ ಬೆಚ್ಚಗಿರುತ್ತೆ, ಅದರಲ್ಲಿ ಜೀವ ಇದೆ ಅಂತೆಲ್ಲ ಹೇಳ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. 'ಸುಯ್' ಅನ್ನೋದು 'ಸುಯ್' ಅಷ್ಟೇ. ಅದಕ್ಕೆ ಜೀವ ಅಂತ ಹೆಸರಿಟ್ಟರೆ ಮಿಕ್ಸಿಯಲ್ಲೂ ಜೀವ ಇದೆ. ಕಲಿಯುವವನಿಗೆ ಬೇಕಾದ ಉಪಕರಣ ಅಂತ ಹೇಳಿದರೆ ಒಪ್ಪುತ್ತೇನೆ. ಅಣ್ಣನದು ಆ ಲೆಕ್ಕ.

ಒಪ್ಪಿಕೊಂಡ ಮೇಲೆ ಮೊದಲ ತೊಡಕು ಖಾಲಿ ಕ್ಯಾಸೆಟ್ಟಿನದು. ಮಧುಗಿರಿ ಪೇಟೆಯಲ್ಲಿ ಕೇಳಿದರೆ ಅಂಗಡಿ ಹುಡುಗರು ನನ್ನ ಮುಖ ನೋಡಿದರು. ಹಿಂದೆ ಹೀಗಿರಲಿಲ್ಲ. ಬಸ್ ಸ್ಟ್ಯಾಂಡು ಇದ್ದಲ್ಲೆಲ್ಲ ಕ್ಯಾಸೆಟ್ ಅಂಗಡಿ. ಹಾಡು ತುಂಬಿಕೊಡುವ ರೆಕಾರ್ಡಿಂಗ್ ಸೆಂಟರು ಅಂತಲೇ ಇರುತ್ತಿತ್ತು. ನೋಟ್‌ಬುಕ್ಕಿನ ಹಾಳೆ ಹರಿದು, ಒಂದರಿಂದ ಹನ್ನೆರಡರವರೆಗೆ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟು ಬಂದರೆ ಮುಂದಿನ ವಾರ ಬಾ ಅನ್ನುತ್ತಿದ್ದರು. ಕೊನೆಗೆ ಒಂದೆರಡು ನಿಮಿಷ ಉಳಿದರೆ ಅಂಗಡಿಯವನೇ ತನಗಿಷ್ಟವಾದದ್ದು ಏನಾದರೂ ತುಂಬುತ್ತಿದ್ದ. ಪಟ್ಟಿಯಲ್ಲಿ ಇಲ್ಲದ ಆ ಹಾಡೇ ಎಷ್ಟೋ ಜನಕ್ಕೆ ಕೊನೆಗೂ ನೆನಪಲ್ಲಿ ಉಳಿದಿದ್ದು.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ ರೇಡಿಯೋ ಮೇಳದಲ್ಲಿ ಈ ಕ್ಯಾಸೆಟ್ಟನ್ನ ಹೊರತಂದಿತು. ಅದನ್ನ ರೂಪಿಸಿದ ಲೂ ಓಟನ್ಸ್ ಅನ್ನುವ ಎಂಜಿನಿಯರ್, ಕೋಟಿನ ಜೇಬಿಗೆ ಹಿಡಿಸುವಷ್ಟು ಮರದ ತುಂಡು ಮಾಡಿಸಿ, ಇದಕ್ಕಿಂತ ದೊಡ್ಡದಿರಬಾರದು ಅಂದನಂತೆ. ಪುಣ್ಯಾತ್ಮ ಕೋಟಿನ ಜೇಬು ಅಂದ, ನಮ್ಮವರ ಪಟಾಪಟಿ ಚಡ್ಡಿ ಜೇಬಿಗೂ ಸರಿಯಾಯಿತು. ಕನ್ನಡದಲ್ಲಿ 1978ರ 'ನಿತ್ಯೋತ್ಸವ'ದಿಂದ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಮನೆಮನೆಗೆ ಹೋದವು. 1987ರ 'ಪ್ರೇಮಲೋಕ' ಬಂದಾಗಲಂತೂ ಹಂಸಲೇಖರ ಹಾಡು ಕೇಳಿಸದ ಬೀದಿ ಇರಲಿಲ್ಲ.

ಒಂದೊಂದು ಊರಿಗೆ ಒಂದೊಂದು ರುಚಿ. ಶಿರಾ ಹೆದ್ದಾರಿ ಊರು. ಪುಣೆ ರಸ್ತೆಯ ಲಾರಿಗಳು ನಿಲ್ಲುವ ಕಡೆ ಹಿಂದಿ, ತಮಿಳು, ಕನ್ನಡ ಎಲ್ಲ ಒಟ್ಟಿಗೆ ಗಂಟಲು ಹರಿದುಕೊಳ್ಳುತ್ತಿದ್ದವು. ಕೊರಟಗೆರೆ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿಗೆ ಗುರುರಾಜುಲು ನಾಯ್ಡು ಅವರ ಹರಿಕಥೆ. ಪಾವಗಡದ್ದು ಬೇರೆಯೇ ರಾಜ್ಯಭಾರ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಊರು ಅದು. ಶನಿವಾರ ಶನಿಮಹಾತ್ಮನ ಗುಡಿಯ ಸುತ್ತ ಕನ್ನಡ ಭಕ್ತಿಗೀತೆ, ಭಾನುವಾರ ಮನೆಯಲ್ಲಿ ತೆಲುಗು 'ಹರಿಶ್ಚಂದ್ರ'ದ ಪದ್ಯ. ನಮ್ಮ ಅತ್ತಿಗೆಯವರ ತವರು ಆ ಕಡೆ. "ನಿಮ್ಮ ಕುರುಕ್ಷೇತ್ರದಲ್ಲಿ ಕೂಗಾಟ ಜಾಸ್ತಿ, ನಮ್ಮ ಪದ್ಯದಲ್ಲಿ ರಾಗ ಜಾಸ್ತಿ" ಅಂತ ಅವರು ಇವತ್ತಿಗೂ ಕೆಣಕುತ್ತಾರೆ. ದುರ್ಯೋಧನ ಈ ಒಂದು ಮಾತಿಗೆ ಮಾತ್ರ ಎದುರಾಡೋದಿಲ್ಲ.

ಅಷ್ಟು ಕ್ಯಾಸೆಟ್ಟೆಲ್ಲ ಏನಾದವು? ಹೊಲದಲ್ಲಿವೆ. ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಲ್ಲಿ ಸುಮಾರು 90 ಮೀಟರ್ ರೀಲು ಇರುತ್ತೆ. ಜೋಳದ ಹೊಲಕ್ಕೆ ಈ ಗೂಟದಿಂದ ಆ ಗೂಟಕ್ಕೆ ಕಟ್ಟಿದರೆ ಬಿಸಿಲಿಗೆ ಮಿಂಚುತ್ತೆ, ಗಾಳಿಗೆ ಗುಂಯ್ ಅನ್ನುತ್ತೆ, ಗಿಣಿ ಹತ್ತಿರ ಬರೋದಿಲ್ಲ. ನಮ್ಮ ಸೀಮೆಯಲ್ಲಿ ಎಷ್ಟು ಪ್ರೇಮಗೀತೆಗಳು ಹೀಗೆ ಹಕ್ಕಿ ಓಡಿಸಿವೆಯೋ!

ಹೊಸದು ಸಿಗದ ಮೇಲೆ ಹಳೆಯದರ ಮೇಲೇ ತುಂಬಬೇಕು. ಅಣ್ಣ ಚಪ್ಪಲಿ ಡಬ್ಬದ ತುಂಬ ಕ್ಯಾಸೆಟ್ಟು ತಂದು ಬೇಲಿಗಂಬದ ಮೇಲಿಟ್ಟರು. ಯಾವುದನ್ನ ಅಳಿಸೋದು? ಮಗಳ ಮದುವೆಯ ಓಲಗ ಬೇಡ. ಅಯ್ಯಪ್ಪನದ್ದು ಅಳಿಸಿದರೆ ಪಾಪ. ಕೊನೆಗೆ ಸಿಕ್ಕಿದ್ದು ಅಳಿಯನ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸು. "ಅವನು ಕಲೀಲಿಲ್ಲ, ನಾನಾದ್ರೂ ಕಲೀತೀನಿ" ಅಂತ ಅದನ್ನೇ ಕೊಟ್ಟರು. ಕಂಪನಿ ಕ್ಯಾಸೆಟ್ಟುಗಳ ಬೆನ್ನಿನ ಎರಡು ಮೂಲೆಯಲ್ಲಿ ಪುಟ್ಟ ಕಿಂಡಿ ಇರುತ್ತೆ, ಯಾರೂ ಅಳಿಸದಿರಲಿ ಅಂತ. ಅದರ ಮೇಲೆ ಸೆಲ್ಲೋಟೇಪು ಅಂಟಿಸಿದರೆ ಮೆಷಿನ್ನು ಮೋಸಹೋಗುತ್ತೆ, ರೆಕಾರ್ಡ್ ಗುಂಡಿ ಒಳಗೆ ಇಳಿಯುತ್ತೆ.

ಇನ್ನು ಕಂಪ್ಯೂಟರಿನ ಕೆಲಸ. ಆಡಾಸಿಟಿ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಶುರು ಮಾಡಿ 2000ದಲ್ಲಿ ಜನರ ಕೈಗೆ ಬಿಟ್ಟದ್ದು. ಹಾಡು ಹಾಕಿದರೆ ಪರದೆಯ ಮೇಲೆ ದನಿಯ ಏರಿಳಿತ ನೀಲಿ ಗೀಟಾಗಿ ಕಾಣುತ್ತೆ. ಅಣ್ಣ ಕನ್ನಡಕ ಏರಿಸಿ ನೋಡಿ, "ಇದೇನು, ಕೆಳಗೂ ಮೇಲೂ ಮಧುಗಿರಿ ಬೆಟ್ಟ" ಅಂದರು. ದುರ್ಯೋಧನ ಏರುದನಿಗೆ ಹೋದ ಕಡೆ ಬೆಟ್ಟ ದೊಡ್ಡದು. ವಚನ ಹೇಳುವ ಕಡೆ ಸಣ್ಣ ದಿಣ್ಣೆ.

ಇಲ್ಲಿ ನಡೆದ ಮುಖ್ಯ ಕೆಲಸ ಶ್ರುತಿಯದು. ಹಳೇ ಕಾಲದಲ್ಲಿ ಶ್ರುತಿ ಇಳಿಸಬೇಕು ಅಂದರೆ ರೀಲನ್ನ ನಿಧಾನ ಓಡಿಸಬೇಕಿತ್ತು. ನಾಲ್ಕರಿಂದ ಎರಡೂವರೆಗೆ ಬರಲು ನೂರಕ್ಕೆ 11 ಪಾಲು ನಿಧಾನ ಮಾಡಬೇಕು. ಹಾಗೆ ಮಾಡಿದರೆ ತಾಳವೂ ಕುಂಟುತ್ತೆ, ದುರ್ಯೋಧನನಿಗೆ ನಿದ್ದೆಗಣ್ಣು ಬಂದ ಹಾಗೆ ಕೇಳಿಸುತ್ತೆ. ಆಡಾಸಿಟಿಯಲ್ಲಿ 'ಚೇಂಜ್ ಪಿಚ್' ಅನ್ನೋ ಜಾಗಕ್ಕೆ ಹೋಗಿ ಎರಡು ಸ್ಥಾನ ಕೆಳಕ್ಕೆ ಅಂದರೆ ಶ್ರುತಿ ಮಾತ್ರ ಇಳಿದು ತಾಳ ನಿಂತಲ್ಲೇ ನಿಲ್ಲುತ್ತೆ. ಒಂದು ಪದ್ಯಕ್ಕೆ ಕೆಲವೇ ಸೆಕೆಂಡು. ಅಣ್ಣ ಸಿದ್ಧರಬೆಟ್ಟದಿಂದ ಗಂಟಲಿಗೆ ಅಂತ ಬೇರು ತರಿಸಿ, ಅತಿಮಧುರ ಅಗಿದು, ಕಲ್ಲುಸಕ್ಕರೆ ಚೀಪಿ ಮಾಡಲಾಗದ್ದನ್ನ ಇದು ಮಾಡಿತು. ಗಂಟಲನ್ನ ಹಾಡಿನ ಮಟ್ಟಕ್ಕೆ ಏರಿಸುವ ಬದಲು ಹಾಡನ್ನೇ ಗಂಟಲಿನ ಮಟ್ಟಕ್ಕೆ ಇಳಿಸಿತು.

ಆಮೇಲೆ ಒಂದು ಸಾಲು ಹಾಡು, ಅಷ್ಟೇ ಉದ್ದದ ಖಾಲಿ ಜಾಗ, ಮತ್ತೆ ಮುಂದಿನ ಸಾಲು, ಹೀಗೆ ಕತ್ತರಿಸಿ ಜೋಡಿಸಿದೆ. ಆ ಖಾಲಿ ಜಾಗದಲ್ಲಿ ಅಣ್ಣ ಹಾಡಬೇಕು. ಆದರೆ ಟೂ ಇನ್ ಒನ್‌ಗೆ ಖಾಲಿ ಜಾಗ ಕಂಡರಾಗದು. ಅದರಲ್ಲಿ ರೆಕಾರ್ಡಿಂಗ್ ಲೆವೆಲ್ ತಿರುಗಿಸುವ ಗುಂಡಿ ಇರೋದಿಲ್ಲ. ಒಳಗಿನ ಸರ್ಕ್ಯೂಟು ತಾನೇ ನೋಡಿಕೊಳ್ಳುತ್ತೆ, ದನಿ ಜೋರಾದರೆ ತಗ್ಗಿಸುತ್ತೆ, ಸಣ್ಣದಾದರೆ ಎತ್ತುತ್ತೆ. ಹಾಡು ನಿಂತರೆ, ಪಾಪ, ಎಲ್ಲಿ ಹೋಯಿತು ಅಂತ ಎತ್ತುತ್ತಾ ಎತ್ತುತ್ತಾ ಹೋಗಿ ಬರೀ 'ಸುಯ್' ಅನ್ನೋದನ್ನೇ ದೊಡ್ಡದು ಮಾಡಿ ತುಂಬುತ್ತೆ. ಅದಕ್ಕೆ ಉದ್ದಕ್ಕೂ ಹಿಂದೆ ಸಣ್ಣಗೆ ತಂಬೂರಿ ಶ್ರುತಿ ಓಡಿಸಿಬಿಟ್ಟೆ. ಎತ್ತಿದರೂ ಏರೋದು ಶ್ರುತಿಯೇ. ಅಣ್ಣನಿಗೂ ಅದೇ ಬೇಕು. ಮೊದಲಿಗೂ ಸ್ವಲ್ಪ ತಂಬೂರಿ ಇಟ್ಟೆ, ಯಾಕೆಂದರೆ ರೀಲಿನ ತುದಿಯಲ್ಲಿ ದನಿ ಹಿಡಿಯದ ಬರೀ ಪ್ಲಾಸ್ಟಿಕ್ ಪಟ್ಟಿ ಇರುತ್ತೆ. ಗುಂಡಿ ಒತ್ತಿದ ಕೂಡಲೇ ಹಾಡು ಬಿಟ್ಟರೆ ಮೊದಲ ಐದಾರು ಸೆಕೆಂಡು ಅದು ನುಂಗುತ್ತೆ.

ಕಂಪ್ಯೂಟರಿನ ಇಯರ್‌ಫೋನ್ ತೂತಿನಿಂದ ಟೇಪಿನ ಲೈನ್ ಇನ್‌ಗೆ ಒಂದು ವೈರು. ಇಂಟರ್ನೆಟ್ ಕಿತ್ತು ಹಾಕಬೇಕು, ಇಲ್ಲದಿದ್ದರೆ ದ್ರೌಪದಿ ವಸ್ತ್ರಾಪಹರಣದ ಮಧ್ಯೆ ಯಾರದೋ ಶುಭೋದಯ 'ಟಿಂಗ್' ಅಂತ ಸೇರಿಕೊಳ್ಳುತ್ತೆ. ಇನ್ನು ಅರ್ಧ ಗಂಟೆಯ ಸೈಡಿಗೆ ಅರ್ಧ ಗಂಟೆಯೇ ಬೇಕು, ಇಲ್ಲಿ ಅವಸರದ ಕಾಪಿ ಪೇಸ್ಟು ನಡೆಯೋದಿಲ್ಲ. ಕೂತೆವು. ಮಧ್ಯೆ ಕರೆಂಟು ಹೋಯಿತು. ಟೇಪು ನಿಂತಿತು, ಲ್ಯಾಪ್‌ಟಾಪು ಬ್ಯಾಟರಿ ಮೇಲೆ ತನ್ನ ಪಾಡಿಗೆ ಹಾಡುತ್ತಲೇ ಇತ್ತು. "ಪಾವಗಡದಲ್ಲಿ ನಿಮ್ಮೋರು 2050 ಮೆಗಾವ್ಯಾಟು ಸೋಲಾರ್ ಕರೆಂಟು ಮಾಡ್ತಾರಂತೆ, ಒಂದು ಟೇಪಿಗೆ ಆಗೋವಷ್ಟು ಕಳ್ಸೋಕೆ ಹೇಳೇ" ಅಂತ ಅಣ್ಣ ಅತ್ತಿಗೆಗೆ ಕೂಗಿದರು. ಒಳಗಿಂದ ಉತ್ತರ ಬಂತು: "ನಮ್ಮೋರು ಜಮೀನು ಕೊಟ್ಟವ್ರೆ, ಸ್ವಿಚ್ಚು ಕೊಟ್ಟಿಲ್ಲ."

ಕರೆಂಟು ಬರುವವರೆಗೆ ಅತ್ತಿಗೆ ಒಂದು ಒಳ್ಳೆ ಮಾತು ಹೇಳಿದರು. ಅವರ ತವರಿನ ಕಡೆ ಪದ್ಯ ನಾಟಕದಲ್ಲಿ ಜನಕ್ಕೆ ಪದ್ಯ ಹಿಡಿಸಿದರೆ "ವನ್ಸ್ ಮೋರ್" ಅಂತ ಕೂಗ್ತಾರೆ, ಹರಿಶ್ಚಂದ್ರ ಸ್ಮಶಾನದಲ್ಲಿ ಅಳುತ್ತಿದ್ದವನು ಅಳು ನಿಲ್ಲಿಸಿ ಅದೇ ಪದ್ಯ ಮೊದಲಿನಿಂದ ಎತ್ತಿಕೊಳ್ಳಬೇಕು. ಸತ್ತ ಮಗ ಅಲ್ಲಿವರೆಗೆ ಕಾಯಬೇಕು. ರಿವೈಂಡ್ ಗುಂಡಿ ಕಂಡುಹಿಡಿಯುವ ಮೊದಲೇ ನಮ್ಮ ಜನಕ್ಕೆ ರಿವೈಂಡ್ ಗೊತ್ತಿತ್ತು.

ಸೈಡು ಮುಗಿದ ಮೇಲೆ ನಾನು ಸ್ಕ್ರೂಡ್ರೈವರ್ ತೆಗೆದೆ. ಟೇಪಿನ ಮೋಟಾರಿನ ಬೆನ್ನಲ್ಲಿ ಸಣ್ಣ ತೂತು ಇರುತ್ತೆ, ಒಳಗೊಂದು ಸ್ಕ್ರೂ. ಅದನ್ನ ತಿರುಗಿಸಿ, ಬೆಲ್ಟು ಹೊಸದು ಹಾಕಿದರೆ ವೇಗ ಸರಿಹೋಗುತ್ತೆ. "ಮುಟ್ಟಬ್ಯಾಡಿ!" ಅಂದರು ಅಣ್ಣ. ಅವರ ಮಾತಲ್ಲೂ ನ್ಯಾಯವಿತ್ತು. ನಿಧಾನ ಓಡುವ ಮೆಷಿನ್ನಲ್ಲಿ ತುಂಬಿ ಅದೇ ಮೆಷಿನ್ನಲ್ಲಿ ಕೇಳಿದರೆ ತಪ್ಪಿಗೆ ತಪ್ಪು ಹೊಂದಿಕೊಂಡು ಶ್ರುತಿ ಸರಿಯಾಗೇ ಬರುತ್ತೆ. ಆಪ್ ಹಿಡಿದು ನೋಡಿದೆ, ಎರಡೂವರೆಗೆ ನೆಟ್ಟಗೆ ನಿಂತಿತ್ತು. ಆದರೆ ಇದೇ ಕ್ಯಾಸೆಟ್ಟನ್ನ ವೇಗ ಸರಿ ಇರುವ ಬೇರೆ ಮೆಷಿನ್ನಿಗೆ ಹಾಕಿದರೆ ಅಲ್ಲಿ ಮೂರು ಮನೆಗೆ ಏರುತ್ತೆ ಅಂತ ಒಂದು ಮಾತು ಹೇಳಿದ್ದೆ, ಎಚ್ಚರಿಕೆಗೆ.

ಅಣ್ಣ ಆ ಮಾತನ್ನ ಮರೆತಿರಲಿಲ್ಲ. ಮೊನ್ನೆ ಭೀಮನ ಪಾರ್ಟಿನವರು ಶಿರಾ ಬಸ್ಸಿಳಿದು ಬಂದು, ನನಗೂ ಎರಡೂವರೆ ಮನೆಯ ಒಂದು ಕ್ಯಾಸೆಟ್ಟು ಬೇಕಲ್ಲ ಅಂತ ಬೇಲಿ ಹತ್ತಿರ ನಿಂತರು. ಅವರ ಮನೆ ಮೆಷಿನ್ನಿಗೆ ಈಗಷ್ಟೇ ಹೊಸ ಬೆಲ್ಟು ಹಾಕಿಸಿದ್ದಾರಂತೆ, ಗಡಿಯಾರದ ಲೆಕ್ಕಕ್ಕೆ ಓಡುತ್ತಂತೆ. ಅಣ್ಣ ತುಂಬ ಮರ್ಯಾದೆಯಿಂದ ನನ್ನ ಕಡೆ ತಿರುಗಿ, "ಕೊಡಿ ಮೇಷ್ಟ್ರೇ, ಪಾಪ, ಅವರಿಗೂ ಮಾಡಿಕೊಡಿ. ಆದ್ರೆ ನನ್ನ ಮೆಷಿನ್ನಲ್ಲೇ ತುಂಬಿ ಕೊಡಿ" ಅಂದರು.